ಗುರುತೇ ಇಲ್ಲದ ಕಪ್ಪುಕುಳಿ ಗಿರಕಿ ಹೊಡೆಯುವುದು ಗೊತ್ತಾಗುವುದು ಹೇಗೆ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ವಿಜ್ಞಾನ ಕ್ಲಬ್ಬಿನಲ್ಲಿ ಮಕ್ಕಳಿಗೆ ಕಪ್ಪುಕುಳಿಗಳ (ಬ್ಲ್ಯಾಕ್ ಹೋಲ್) ಕಥೆ ಹೇಳುತ್ತಿದ್ದೆ. ಎರಡು ಕಪ್ಪುಕುಳಿಗಳು ಸುತ್ತಿ ಸುತ್ತಿ ಒಂದಾದವು, ಅಲ್ಲಿಂದ ಗುರುತ್ವದ ಅಲೆ (ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಸಾಗುವ ಅಲೆ) ಬಂತು, ಕೊನೆಗೆ ಉಳಿದ ಕಪ್ಪುಕುಳಿ ಗಿರಗಿರ ತಿರುಗುತ್ತಿದೆ ಅಂತ ಹೇಳಿದೆ. ಒಂಬತ್ತನೇ ಕ್ಲಾಸಿನ ಒಬ್ಬಳು ಎದ್ದು ನಿಂತು, "ಟೀಚರ್, ಅದರ ಮೈಮೇಲೆ ಕಲೆ ಇಲ್ಲ, ಗುಡ್ಡ ಇಲ್ಲ, ಬೆಳಕೂ ಬರುವುದಿಲ್ಲ. ಮತ್ತೆ ತಿರುಗುತ್ತಿದೆ ಅಂತ ಹೇಗೆ ಗೊತ್ತು?" ಅಂತ ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. ಹುಡುಕಿ ಓದುವಾಗ ನನಗೇ ಇನ್ನೊಂದು ಸಂಶಯ ಬಂತು. 2025ರ ಜನವರಿ 14ರಂದು ಬಂದ ಅಲೆಯಲ್ಲಿ, ಕೊನೆಗೆ ಉಳಿದ ಕಪ್ಪುಕುಳಿಯ ಸ್ಪಿನ್ (ತಿರುಗುವಿಕೆಯ ಅಳತೆ) 0.68 ಅಂತ ಖಚಿತವಾಗಿ ಬರೆದಿದ್ದಾರೆ. ಆದರೆ ಒಂದಾಗುವ ಮೊದಲು ಇದ್ದ ಎರಡರ ಸ್ಪಿನ್ ಬಗ್ಗೆ ಮಾತ್ರ 'ಇಷ್ಟಕ್ಕಿಂತ ಕಡಿಮೆ' ಅಂತ ಹೇಳಿ ಬಿಟ್ಟಿದ್ದಾರೆ. ಮಗುವಿನ ಜಾತಕ ಗೊತ್ತು, ಅಪ್ಪ ಅಮ್ಮನದ್ದು ಗೊತ್ತಿಲ್ಲ ಅಂದ ಹಾಗಾಯಿತು ಅಲ್ವಾ? ಇದು ಹೇಗೆ?

ಉತ್ತರ: ಟೀಚರೇ, ಮೊದಲು ಆ ಹುಡುಗಿಗೆ ನನ್ನ ಪರವಾಗಿ ಶಹಬ್ಬಾಸ್ ಹೇಳಿ. ಸೂರ್ಯ ತಿರುಗುತ್ತಾನೆ ಅಂತ ನಾನೂರು ವರ್ಷಗಳ ಹಿಂದೆ ಗೊತ್ತಾದದ್ದು ಅವನ ಮೈಮೇಲಿನ ಕಲೆಗಳಿಂದಲೇ. ಗೆಲಿಲಿಯೊ ಆ ಕಲೆಗಳ ಚಿತ್ರವನ್ನು ದಿನವೂ ಬರೆದಿಟ್ಟರು. ಅವು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುತ್ತಿದ್ದವು. ಕಪ್ಪುಕುಳಿಯ ಹತ್ತಿರ ಈ ಉಪಾಯ ನಡೆಯುವುದಿಲ್ಲ. ಅದರ ಅಂಚು ಗೋಡೆಯಲ್ಲ, ಸಿಪ್ಪೆಯೂ ಅಲ್ಲ. ಅದನ್ನು ದಾಟಿ ಒಳಗೆ ಹೋದ ಬೆಳಕು ವಾಪಸು ಬರುವುದಿಲ್ಲ, ಅಷ್ಟೇ. ಗುರುತು ಹಾಕಲು ಅಲ್ಲಿ ಏನೂ ಇಲ್ಲ ಅಂತ ಅವಳು ಹೇಳಿದ್ದು ಪೂರ್ತಿ ಸರಿ.

ಹಾಗಾದರೆ ತಿರುಗುವುದು ಯಾವುದು? ಸುತ್ತಲಿನ ಜಾಗ. 1916ರಲ್ಲಿ ಕಾರ್ಲ್ ಶ್ವಾರ್ಜ್‌ಶಿಲ್ಡ್ ಬರೆದ ಲೆಕ್ಕದಲ್ಲಿ ಕಪ್ಪುಕುಳಿ ಸುಮ್ನೆ ನಿಂತಿತ್ತು. ತಿರುಗುವ ಕಪ್ಪುಕುಳಿಯ ಲೆಕ್ಕ ಸಿಗಲು 1963ರವರೆಗೆ ಕಾಯಬೇಕಾಯಿತು. ಅದನ್ನು ಬಿಡಿಸಿದವರು ನ್ಯೂಜಿಲೆಂಡಿನ ರಾಯ್ ಕೆರ್. ತಿರುಗುವ ಕಪ್ಪುಕುಳಿ ತನ್ನ ಪಕ್ಕದ ಜಾಗವನ್ನೂ ಜೊತೆಗೆ ಎಳೆದುಕೊಂಡು ತಿರುಗುತ್ತದೆ ಅಂತ ಆ ಲೆಕ್ಕ ಹೇಳುತ್ತದೆ. ಹತ್ತಿರ ಹೋದದ್ದು ಕಲ್ಲಾಗಲಿ ಬೆಳಕಾಗಲಿ, ಆ ದಿಕ್ಕಿಗೇ ಸರಿಯಬೇಕು. ನಮ್ಮ ಭೂಮಿಯೂ ಈ ಕೆಲಸ ಮಾಡುತ್ತದೆ, ಆದರೆ ತೀರಾ ಸ್ವಲ್ಪ. 2004ರಲ್ಲಿ ಹಾರಿದ ಗ್ರಾವಿಟಿ ಪ್ರೋಬ್ ಬಿ ಅನ್ನುವ ಉಪಗ್ರಹದಲ್ಲಿ ಗಿರಕಿ ಹೊಡೆಯುವ ಗೋಲಿಗಳಿದ್ದವು. ಭೂಮಿಯ ಎಳೆತಕ್ಕೆ ಆ ಗೋಲಿಗಳ ಅಕ್ಷ ವರ್ಷಕ್ಕೆ ಸುಮಾರು 37 ಮಿಲಿ ಆರ್ಕ್‌ಸೆಕೆಂಡ್ ಓರೆಯಾಯಿತು. ಒಂದು ಡಿಗ್ರಿಯನ್ನು 3600 ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ 1000 ಪಾಲು ಮಾಡಿದರೆ ಸಿಗುವುದು ಒಂದು ಮಿಲಿ ಆರ್ಕ್‌ಸೆಕೆಂಡ್.

ಈಗ ಇದನ್ನು 2015ರ ಸೆಪ್ಟೆಂಬರ್ 14ರಂದು ಮೊದಲ ಸಲ ಸಿಕ್ಕ ಗುರುತ್ವದ ಅಲೆಯ ಜೊತೆ ಇಟ್ಟು ನೋಡಿ. ಅಲ್ಲಿ ಕೊನೆಗೆ ಉಳಿದ ಕಪ್ಪುಕುಳಿಯ ತೂಕ ಸುಮಾರು 62 ಸೂರ್ಯರಷ್ಟು, ಸ್ಪಿನ್ 0.67. ಕೆರ್ ಸಮೀಕರಣಕ್ಕೆ ಈ ಎರಡು ಸಂಖ್ಯೆ ಹಾಕಿದರೆ ನಡುವಿನಿಂದ ಅಂಚಿಗೆ ಸುಮಾರು 160 ಕಿಲೋಮೀಟರ್ ಬರುತ್ತದೆ. ಕಾಸರಗೋಡಿನಿಂದ ಕಲ್ಲಿಕೋಟೆಗೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಇಷ್ಟೇ ದೂರ. ಅಷ್ಟು ದೊಡ್ಡ ಅಂಚು ಸೆಕೆಂಡಿಗೆ ಸುಮಾರು 100 ಸಲ ತಿರುಗುತ್ತದೆ. ಮೊದಲ ಸಲ ಈ ಲೆಕ್ಕ ಮಾಡಿದ ದಿನ ಉತ್ತರ ನಂಬಲಾಗದೆ ಎರಡು ಸಲ ತಾಳೆ ನೋಡಿದ್ದೆ.

ಮುಂದೆ ಹೋಗುವ ಮೊದಲು ಎರಡು ಮಾತನ್ನು ಬೇರೆ ಬೇರೆ ಇಟ್ಟುಕೊಳ್ಳೋಣ. ಒಂದು ಕಪ್ಪುಕುಳಿ ತನ್ನಷ್ಟಕ್ಕೇ ತಿರುಗುವುದಕ್ಕೆ ಗಿರಕಿ ಅನ್ನೋಣ. ಎರಡೂ ಒಂದರ ಸುತ್ತ ಒಂದು ಹೋಗುವುದಕ್ಕೆ ಸುತ್ತು ಅನ್ನೋಣ. ಕ್ಲಾಸಿನಲ್ಲಿ ಇವೆರಡು ಕಲಸಿಹೋದರೆ ಮುಂದಿನದ್ದು ಯಾವುದೂ ತಲೆಗೆ ಹೋಗುವುದಿಲ್ಲ. ಇನ್ನು 0.68 ಅನ್ನುವ ಸಂಖ್ಯೆ. ಒಂದು ಕಪ್ಪುಕುಳಿಗೆ ಅದರ ತೂಕಕ್ಕೆ ತಕ್ಕಂತೆ ಗಿರಕಿಯ ಒಂದು ಮಿತಿ ಇದೆ. ಆ ಮಿತಿಯನ್ನು 1 ಅಂತ ಇಟ್ಟುಕೊಂಡಿದ್ದೇವೆ. ಸುಮ್ನೆ ನಿಂತದ್ದು 0. ಕೆಲವು ಪತ್ರಿಕೆಗಳಲ್ಲಿ 0.9 ಅಂದರೆ ಬೆಳಕಿನ ವೇಗದ ಶೇಕಡಾ 90 ಅಂತ ಬರೆಯುತ್ತಾರೆ. ಅದು ತಪ್ಪು. ದಯವಿಟ್ಟು ಮಕ್ಕಳಿಗೆ ಹಾಗೆ ಹೇಳಬೇಡಿ. ಇದು ವೇಗದ ಲೆಕ್ಕವಲ್ಲ, ಮಿತಿಯಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕ.

ಕಾಣದ ಗಿರಕಿಯನ್ನು ಅಳೆಯುವುದು ಹೇಗೆ ಅನ್ನುವುದಕ್ಕೆ ನನ್ನ ಮನೆಯ ಹಿತ್ತಿಲಿಗೆ ಬರಬೇಕು. ನಾನು ಬೆಳೆದ ಮನೆಯ ಹಿಂದೆ ಗುಡ್ಡಕ್ಕೆ ಕೊರೆದ ಸುರಂಗ ಇತ್ತು. ನಿಮಗೆ ಇದನ್ನು ವಿವರಿಸಬೇಕಾಗಿಲ್ಲ, ಬೇರೆ ಊರಿನ ಓದುಗರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನುಸುಳಿ ಹೋಗುವಷ್ಟು ದಾರಿ ಕೊರೆಯುತ್ತಾರೆ. ಒಳಗೆ ಒಸರುವ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಬರುತ್ತದೆ. ನಮ್ಮಲ್ಲಿ ಅದು ಅಡಿಕೆ ಮರದ ದಂಬೆಯಲ್ಲಿ ಹರಿದು ಬಂದು ಕೊಡಪಾನಕ್ಕೆ ಬೀಳುತ್ತಿತ್ತು. ಅಮ್ಮ ಅಡುಗೆಮನೆಯೊಳಗೆ ಕೆಲಸ ಮಾಡುತ್ತಲೇ "ತುಂಬಿತು, ತೆಗಿ" ಅಂತ ಕೂಗುತ್ತಿದ್ದರು. ಅವರಿಗೆ ಕೊಡಪಾನ ಕಾಣುತ್ತಿರಲಿಲ್ಲ. ಬುಡದಲ್ಲಿ ನೀರಿದ್ದಾಗ ಸದ್ದು ದಪ್ಪ. ನೀರು ಏರಿದಂತೆ ಸದ್ದೂ ಸಪೂರವಾಗಿ ಏರುತ್ತದೆ. ಕೊರಳಿಗೆ ಬಂದ ಕೂಡಲೇ ಒಮ್ಮೆಲೇ ಮೇಲೆ ಹೋಗುತ್ತದೆ. ಕೊರಳು ಕಿರಿದಾದ ತಾಮ್ರದ ಕೊಡಪಾನಕ್ಕೂ ಬಾಯಿ ಅಗಲ ಇರುವ ಬಕೆಟಿಗೂ ಆ ಕೊನೆಯ ಏರಿಕೆ ಬೇರೆ ಬೇರೆ. ಇವತ್ತು ಯಾವ ಪಾತ್ರೆ ಇಟ್ಟಿದ್ದೇನೆ ಅಂತಲೂ ಅಮ್ಮ ಒಳಗಿನಿಂದಲೇ ಹೇಳುತ್ತಿದ್ದರು. ಸಾವಿರಾರು ಸಲ ಕೇಳಿದ ಕಿವಿ ಅದು.

ಗುರುತ್ವದ ಅಲೆಯೂ ಇದೇ ಥರ ಏರುವ ಸದ್ದು. ಎರಡು ಕಪ್ಪುಕುಳಿಗಳು ಸುತ್ತುವಾಗ ಶಕ್ತಿ ಅಲೆಯಾಗಿ ಸೋರಿಹೋಗುತ್ತದೆ. ಸೋರಿದಷ್ಟೂ ಅವು ಹತ್ತಿರ ಬರುತ್ತವೆ, ಹತ್ತಿರ ಬಂದಷ್ಟೂ ಬೇಗ ಬೇಗ ಸುತ್ತುತ್ತವೆ. 2015ರ ಆ ಅಲೆ ಸೆಕೆಂಡಿಗೆ 35 ಕಂಪನದಿಂದ 250 ಕಂಪನಕ್ಕೆ ಏರಿತು. ಅದಕ್ಕೆ ತೆಗೆದುಕೊಂಡದ್ದು ಸೆಕೆಂಡಿನ ಐದನೇ ಒಂದು ಪಾಲು. ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್‌ನಲ್ಲಿರುವ ಲೈಗೊ ಅನ್ನುವ, ಗುರುತ್ವದ ಅಲೆ ಹಿಡಿಯುವ ಯಂತ್ರಗಳ 4 ಕಿಲೋಮೀಟರ್ ಉದ್ದದ ತೋಳುಗಳು ಅಲೆ ಹಾದುಹೋಗುವಾಗ ಹಿಗ್ಗಿ ಕುಗ್ಗಿದ್ದು ಪ್ರೋಟಾನಿನ ಅಗಲದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಈ ಏರಿಕೆಯಲ್ಲಿ ಮೊದಲು ಗೊತ್ತಾಗುವುದು ತೂಕ. ಭಾರದ ಜೋಡಿ ಬೇಗ ಮುಗಿಯುತ್ತದೆ, ಹಗುರದ ಜೋಡಿ ತುಂಬ ಹೊತ್ತು ಹಾಡುತ್ತದೆ. ಗಿರಕಿಯ ಪ್ರಭಾವ ಆಮೇಲೆ ಬರುತ್ತದೆ. ಕೊಡಪಾನದ ಕೊರಳಿನ ಹಾಗೆ, ಅದು ಚೆನ್ನಾಗಿ ಕೇಳಿಸುವುದು ಕೊನೆಯ ಏರಿಕೆಯಲ್ಲಿ. ಹೇಗೆ ಅಂದರೆ, ಕಪ್ಪುಕುಳಿಗಳು ಸುತ್ತುವ ದಿಕ್ಕಿನಲ್ಲೇ ಗಿರಕಿಯನ್ನೂ ಹೊಡೆಯುತ್ತಿದ್ದರೆ ಆ ಜೋಡಿಯ ಹತ್ತಿರ ತಿರುಗುವಿಕೆಯ ದೊಡ್ಡ ಗಂಟೇ ಇರುತ್ತದೆ. ಆದರೆ ಕೊನೆಗೆ ಹುಟ್ಟುವ ಕಪ್ಪುಕುಳಿ 1 ಅನ್ನುವ ಮಿತಿಯನ್ನು ದಾಟುವ ಹಾಗಿಲ್ಲ. ಹೆಚ್ಚಾದದ್ದನ್ನು ದಾರಿಯಲ್ಲೇ ಅಲೆಯಾಗಿ ಕಳೆದುಕೊಳ್ಳಬೇಕು. ಅದಕ್ಕೆ ಇನ್ನಷ್ಟು ಸುತ್ತು ಬೇಕು. ಹಾಗಾಗಿ ಅವು ತಡವಾಗಿ ಒಂದಾಗುತ್ತವೆ, ಇನ್ನೂ ಹತ್ತಿರ ಬಂದು, ಇನ್ನೂ ಮೇಲಿನ ಸ್ವರ ಮುಟ್ಟಿ ಒಂದಾಗುತ್ತವೆ. ಗಿರಕಿ ಸುತ್ತಿಗೆ ಉಲ್ಟಾ ಇದ್ದರೆ ಬೇಗ ಬಿದ್ದುಬಿಡುತ್ತವೆ.

30 ಸೂರ್ಯರ ತೂಕದ ಒಂದು ಕಪ್ಪುಕುಳಿ ಇದೆ ಅನ್ನಿ. ಅದರ ಸುತ್ತ ಒಂದು ಚಿಕ್ಕ ವಸ್ತು ಬೀಳದೆ ಸುತ್ತಬಹುದಾದ ಕೊನೆಯ ದಾರಿ ಎಲ್ಲಿದೆ? ಕಪ್ಪುಕುಳಿ ನಿಂತಿದ್ದರೆ ನಡುವಿನಿಂದ ಸುಮಾರು 270 ಕಿಲೋಮೀಟರಿನಲ್ಲಿ. ಅದು ಮಿತಿಯ ತನಕ ಗಿರಕಿ ಹೊಡೆಯುತ್ತಿದ್ದು ವಸ್ತುವೂ ಅದೇ ದಿಕ್ಕಿನಲ್ಲಿ ಸುತ್ತಿದರೆ ಸುಮಾರು 45 ಕಿಲೋಮೀಟರಿನವರೆಗೂ ಹೋಗಬಹುದು. ಉಲ್ಟಾ ಸುತ್ತಿದರೆ 400 ಕಿಲೋಮೀಟರಿನಲ್ಲೇ ಕಾಲು ಜಾರುತ್ತದೆ. ತೂಕ ಒಂದೇ, ಗಿರಕಿ ಮಾತ್ರ ಬೇರೆ. 45 ಎಲ್ಲಿ, 400 ಎಲ್ಲಿ!

ನನ್ನ ಅಮ್ಮನ ಕಿವಿ ಮಾಡಿದ್ದನ್ನು ಲೈಗೊದಲ್ಲಿ ಕಂಪ್ಯೂಟರ್ ಮಾಡುತ್ತದೆ. ಇಷ್ಟು ತೂಕ, ಇಷ್ಟು ಗಿರಕಿ, ಇಷ್ಟು ಓರೆ ಇದ್ದರೆ ಅಲೆ ಹೀಗಿರಬೇಕು ಅಂತ ಐನ್‌ಸ್ಟೈನ್ ಸಮೀಕರಣಗಳಿಂದ ಮೊದಲೇ ಲೆಕ್ಕ ಹಾಕಿರುತ್ತಾರೆ. ಅಂಥ ಲಕ್ಷಗಟ್ಟಲೆ ಮಾದರಿ ಅಲೆಗಳನ್ನು ನಿಜವಾಗಿ ಬಂದ ಅಲೆಯ ಮೇಲೆ ಇಟ್ಟು ನೋಡುತ್ತಾರೆ. ಯಾವುದು ಚೆನ್ನಾಗಿ ಕೂರುತ್ತದೋ ಅದರ ಸಂಖ್ಯೆಗಳೇ ಉತ್ತರ. ಈ ಕೆಲಸದಲ್ಲಿ ನಮ್ಮವರ ಪಾಲು ದೊಡ್ಡದು. ಹತ್ತಿರ ಬರುವ ಹಂತದ ಲೆಕ್ಕದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಲ ಅಯ್ಯರ್, ಗದ್ದಲದೊಳಗಿನಿಂದ ಅಲೆಯನ್ನು ಹೆಕ್ಕುವ ವಿಧಾನದಲ್ಲಿ ಪುಣೆಯ ಖಗೋಳ ವಿಜ್ಞಾನ ಕೇಂದ್ರ ಐಯುಕಾದ ಸಂಜೀವ್ ಧುರಂಧರ್ ದಶಕಗಟ್ಟಲೆ ದುಡಿದಿದ್ದಾರೆ. ಕಪ್ಪುಕುಳಿಗಳು ಒಂದಾಗುವ ಆ ಕೊನೆಯ ಕ್ಷಣವನ್ನು ಕಂಪ್ಯೂಟರಿನಲ್ಲಿ ಪೂರ್ತಿಯಾಗಿ ಬಿಡಿಸಲು ಮಾತ್ರ ಯಾರಿಗೂ ಆಗುತ್ತಿರಲಿಲ್ಲ. ಅದನ್ನು 2005ರಲ್ಲಿ ಮೊದಲು ಮಾಡಿ ತೋರಿಸಿದವರು ಫ್ರಾನ್ಸ್ ಪ್ರಿಟೋರಿಯಸ್.

ಇನ್ನು ನಿಮ್ಮ ಸಂಶಯಕ್ಕೆ ಬರುತ್ತೇನೆ. ಅಪ್ಪ ಅಮ್ಮನ ಜಾತಕ ಯಾಕೆ ಸ್ಪಷ್ಟವಾಗಿ ಸಿಗುವುದಿಲ್ಲ?

ಅಲೆ ತನ್ನ ಜೊತೆ ತರುವುದು ಒಂದೊಂದರ ಗಿರಕಿಯನ್ನಲ್ಲ, ಎರಡನ್ನೂ ಸೇರಿಸಿದ ಒಂದು ಸಂಖ್ಯೆಯನ್ನು. ಪ್ರತಿ ಕಪ್ಪುಕುಳಿಯ ಗಿರಕಿಯಲ್ಲಿ ಸುತ್ತಿನ ದಿಕ್ಕಿಗೆ ಹೊಂದುವ ಭಾಗ ಎಷ್ಟೋ ಅಷ್ಟನ್ನು ತೆಗೆದುಕೊಂಡು, ಅವುಗಳ ತೂಕಕ್ಕೆ ತಕ್ಕ ಹಾಗೆ ಸರಾಸರಿ ಮಾಡಿದರೆ ಈ ಸಂಖ್ಯೆ ಬರುತ್ತದೆ. ಈಗ ಬೆಂಗಳೂರಿನ ವಿಜ್ಞಾನ ಸಂಶೋಧನಾ ಕೇಂದ್ರ ಐಸಿಟಿಎಸ್‌ನಲ್ಲಿರುವ ಪಿ. ಅಜಿತ್ ಮತ್ತು ಜೊತೆಗಾರರು 2011ರಲ್ಲಿ, ಇಂಥ ಒಂದೇ ಒಂದು ಸಂಖ್ಯೆ ಇಟ್ಟುಕೊಂಡು ಇಡೀ ಅಲೆಯ ಮಾದರಿ ಬರೆಯಬಹುದು ಅಂತ ತೋರಿಸಿದರು. ಕೆಲಸಕ್ಕೆ ಅದು ದೊಡ್ಡ ಅನುಕೂಲ. ಆದರೆ ಒಂದೇ ಸಂಖ್ಯೆ ಸಾಕು ಅಂದ ಮೇಲೆ ಅಲೆಯೊಳಗೆ ಎರಡನೆಯ ಸಂಖ್ಯೆ ತುಂಬ ಮಸುಕಾಗಿದೆ ಅಂತಲೂ ಆಯಿತು. ಎರಡು ಮನೆಯ ಅಡಿಕೆಯನ್ನು ಒಂದೇ ಗೋಣಿಗೆ ತುಂಬಿ ತೂಕಕ್ಕೆ ಹಾಕಿದ ಹಾಗೆ. ಗೋಣಿ 50 ಕಿಲೋ ತೂಗಿತು. ಯಾರದ್ದು ಎಷ್ಟು ಅಂತ ತಕ್ಕಡಿ ಹೇಳುವುದಿಲ್ಲ.

2015ರ ಅಲೆಯಲ್ಲಿ ಈ ಸೇರಿದ ಸಂಖ್ಯೆ ಸೊನ್ನೆಯ ಹತ್ತಿರ ಬಂತು. ಎರಡೂ ಹೆಚ್ಚುಕಡಿಮೆ ನಿಂತಿದ್ದರೂ ಸೊನ್ನೆ ಬರುತ್ತದೆ. ಒಂದು ಈ ಕಡೆ, ಇನ್ನೊಂದು ಆ ಕಡೆ ತಿರುಗಿ ಹೊಡೆದುಹೋಗಿದ್ದರೂ ಸೊನ್ನೆಯೇ. ಎರಡೂ ಅಡ್ಡ ಮಲಗಿದ ಬುಗುರಿಯ ಹಾಗೆ ತಿರುಗುತ್ತಿದ್ದರೂ ಸೊನ್ನೆಯೇ. ಇದು ಸಾಲದು ಅಂತ ತೂಕದ ತೊಂದರೆಯೂ ಇದೆ. ಎರಡರ ತೂಕದ ನಡುವಿನ ಅಂತರ ಅಲೆಯಲ್ಲಿ ಮಾಡುವ ಬದಲಾವಣೆಯನ್ನು ಗಿರಕಿ ಮಾಡುವ ಬದಲಾವಣೆ ಮುಚ್ಚಿಹಾಕಬಲ್ಲದು. ಒಂದರ ಅನಿಶ್ಚಿತತೆ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ.

ಗೋಣಿಯೊಳಗೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಒಬ್ಬರದ್ದೇ ಅಡಿಕೆ ಇದ್ದರೆ? ಆಗ ಗೋಣಿಯ ಲೆಕ್ಕವೇ ಅವರ ಲೆಕ್ಕ. 2019ರ ಆಗಸ್ಟ್ 14ರಂದು ಇಂಥ ಜೋಡಿ ಸಿಕ್ಕಿತು. ದೊಡ್ಡದು 23 ಸೂರ್ಯರಷ್ಟು, ಚಿಕ್ಕದು 2.6 ಸೂರ್ಯರಷ್ಟು ಮಾತ್ರ. ಆ ಚಿಕ್ಕದು ಕಪ್ಪುಕುಳಿಯೋ ನ್ಯೂಟ್ರಾನ್ ನಕ್ಷತ್ರವೋ (ಸತ್ತ ನಕ್ಷತ್ರದ ತೀರಾ ಗಟ್ಟಿಯಾದ ತಿರುಳು) ಅನ್ನುವ ಚರ್ಚೆ ಇನ್ನೂ ಇದೆ. ಆದರೆ ದೊಡ್ಡದರ ಗಿರಕಿ 0.07ಕ್ಕಿಂತ ಕಡಿಮೆ ಅಂತ ಗಟ್ಟಿಯಾಗಿ ಹೇಳಲು ಸಾಧ್ಯವಾಯಿತು. ಅದೇ ವರ್ಷ ಏಪ್ರಿಲ್ 12ರ ಜೋಡಿಯಲ್ಲಿ ಒಂದು 30, ಇನ್ನೊಂದು 8 ಸೂರ್ಯರಷ್ಟು. ತೂಕದಲ್ಲಿ ಇಷ್ಟು ಅಂತರ ಇದ್ದರೆ ಅಲೆಯ ಮೂಲ ಸ್ವರದ ಜೊತೆಗೆ ಮೇಲಿನ ಸ್ವರಗಳೂ ಸಣ್ಣಗೆ ಕೇಳುತ್ತವೆ. ಅವು ತೂಕವನ್ನೂ ಗಿರಕಿಯನ್ನೂ ಬಿಡಿಸಿ ಕೊಡುತ್ತವೆ. ಅಲ್ಲಿ ದೊಡ್ಡದರ ಗಿರಕಿ 0.4ರ ಆಸುಪಾಸು ಬಂತು.

ಬುಗುರಿ ಅಡ್ಡ ಮಲಗಿದ್ದರೆ ಇನ್ನೊಂದು ಸುಳಿವು ಸಿಗುತ್ತದೆ. ಮಕ್ಕಳು ಬುಗುರಿ ಬಿಟ್ಟಾಗ ಅದು ಸ್ವಲ್ಪ ಓರೆಯಾದರೆ ತಲೆ ಸುತ್ತಿಸುತ್ತಾ ಓಲಾಡುತ್ತದೆ ಅಲ್ವಾ? ಓರೆಯಾಗಿ ಗಿರಕಿ ಹೊಡೆಯುವ ಕಪ್ಪುಕುಳಿಯೂ ಹಾಗೇ ಓಲಾಡುತ್ತದೆ. ಅದು ಓಲಾಡಿದರೆ ಜೋಡಿಯ ಸುತ್ತಿನ ತಟ್ಟೆಯೂ ಓಲಾಡುತ್ತದೆ. ತಟ್ಟೆ ಒಮ್ಮೆ ನಮ್ಮ ಕಡೆ ಮುಖ ಮಾಡಿದಾಗ ಅಲೆ ಜೋರು, ಇನ್ನೊಮ್ಮೆ ಓರೆ ಮಾಡಿದಾಗ ಮೆಲ್ಲ. ಫ್ಯಾನಿನ ಮುಂದೆ ನಿಂತು ಮಾತಾಡಿದರೆ ಸ್ವರ ಕಂಪಿಸುವ ಹಾಗೆ, ಅಲೆಯಲ್ಲಿ ನಿಧಾನವಾದ ಒಂದು ಏರಿಳಿತ ಬರುತ್ತದೆ. ಅದನ್ನು ಹಿಡಿದರೆ ಗಿರಕಿಯ ಓರೆ ಎಷ್ಟು ಅಂತ ತಿಳಿಯಬಹುದು.

ಹೇಳಲು ಸುಲಭ. ಹಿಡಿಯುವುದು ತುಂಬ ಕಷ್ಟ. ಭಾರದ ಜೋಡಿಯ ಅಲೆ ಅರ್ಧ ಸೆಕೆಂಡೂ ಇರುವುದಿಲ್ಲ, ಅಷ್ಟರಲ್ಲಿ ಒಂದು ಓಲಾಟವೂ ಪೂರ್ತಿ ಮುಗಿದಿರುವುದಿಲ್ಲ. 2020ರ ಜನವರಿ 29ರ ಅಲೆಯಲ್ಲಿ ದೊಡ್ಡ ಓಲಾಟ ಕಂಡಿದೆ ಅಂತ ಒಂದು ತಂಡ ಪ್ರಕಟಿಸಿತು. ಆದರೆ ಅದೇ ಹೊತ್ತಿಗೆ ಲಿವಿಂಗ್‌ಸ್ಟನ್‌ನ ಯಂತ್ರದಲ್ಲಿ ಒಂದು ಗದ್ದಲ ಸೇರಿಕೊಂಡಿತ್ತು. ಆ ಗದ್ದಲವನ್ನು ಹೇಗೆ ತೆಗೆಯುತ್ತೀರಿ ಅನ್ನುವುದರ ಮೇಲೆ ಓಲಾಟ ಇದೆಯೋ ಇಲ್ಲವೋ ಅನ್ನುವುದೇ ಬದಲಾಗುತ್ತದೆ ಅಂತ ಇನ್ನೊಂದು ತಂಡ ತೋರಿಸಿತು. ನನಗೆ ಆ ಎರಡನೇ ತಂಡದ ಮಾತೇ ಸರಿ ಅನಿಸುತ್ತದೆ. ಒಂದೇ ಅಲೆಯ ಮೇಲೆ, ಅದೂ ಗದ್ದಲ ಬೆರೆತ ಅಲೆಯ ಮೇಲೆ, ಅಷ್ಟು ದೊಡ್ಡ ಮಾತು ನಿಲ್ಲುವುದಿಲ್ಲ.

ಹಾಗಾದರೆ ಮಗುವಿನ 0.68 ಎಲ್ಲಿಂದ ಬಂತು? ಇಬ್ಬರು ಮಕ್ಕಳು ಅಂಗಳದಲ್ಲಿ ಕೈಕೈ ಹಿಡಿದು ಗಿರಗಿರ ಸುತ್ತುವುದನ್ನು ನೆನಪು ಮಾಡಿಕೊಳ್ಳಿ. ಕೈ ಎಳೆದುಕೊಂಡು ಹತ್ತಿರ ಬಂದರೆ ವೇಗ ಹೆಚ್ಚುತ್ತದೆ. ಇಬ್ಬರೂ ಅಂಟಿಕೊಂಡರೆ ಒಂದೇ ಗೊಂಚಲಾಗಿ ಗಿರಕಿ ಹೊಡೆಯುತ್ತಾರೆ. ಆ ಗೊಂಚಲಿನ ಗಿರಕಿ ಬಂದದ್ದು ಮೊದಲಿನ ಸುತ್ತಿನಿಂದ. ಒಂದೇ ತೂಕದ ಎರಡು ಕಪ್ಪುಕುಳಿಗಳು ಸ್ವಲ್ಪವೂ ಗಿರಕಿ ಹೊಡೆಯದೆ ಸುಮ್ನೆ ಒಂದರ ಸುತ್ತ ಒಂದು ಸುತ್ತಿ ಒಂದಾದರೆ, ಹುಟ್ಟುವ ಕಪ್ಪುಕುಳಿಯ ಸ್ಪಿನ್ ಸುಮಾರು 0.69 ಬರುತ್ತದೆ. ಇದು ಕಂಪ್ಯೂಟರ್ ಲೆಕ್ಕದಲ್ಲಿ ಎಷ್ಟೋ ಸಲ ತಾಳೆಯಾದ ಸಂಖ್ಯೆ. ಅಂದರೆ ಮಗುವಿನ ಗಿರಕಿಯಲ್ಲಿ ಹೆಚ್ಚಿನ ಪಾಲು ಅಪ್ಪ ಅಮ್ಮನ ಗಿರಕಿಯಿಂದ ಬಂದದ್ದೇ ಅಲ್ಲ, ಅವರ ಜೋಡಿ ಸುತ್ತಿನಿಂದ ಬಂದದ್ದು. ಸುತ್ತಿನ ಲೆಕ್ಕ ಅಲೆಯಲ್ಲಿ ಸ್ಪಷ್ಟವಾಗಿ ಇರುತ್ತದೆ. 2015ರಲ್ಲಿ 0.67, ನೀವು ಓದಿದ 2025ರ ಅಲೆಯಲ್ಲಿ 0.68. ಬೇರೆ ಬೇರೆ ಜೋಡಿಯ ಮಕ್ಕಳು ಇಷ್ಟು ಹೋಲುವುದು ಇದೇ ಕಾರಣಕ್ಕೆ.

ಹೀಗೆ ಲೆಕ್ಕದಿಂದ ಬಂದದ್ದನ್ನು ನೇರವಾಗಿ ಪರೀಕ್ಷಿಸುವ ದಾರಿಯೂ ಇದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಪಾತ್ರೆ ಅಂಗಡಿಯಲ್ಲಿ ಕಂಚಿನ ಉರುಳಿ ಕೊಳ್ಳುವ ಹಿರಿಯರು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡುತ್ತಾರೆ. ಸ್ವರ ಎಷ್ಟು ಮೇಲಿದೆ, ನಾದ ಎಷ್ಟು ಹೊತ್ತು ನಿಂತಿತು, ಎರಡನ್ನೂ ಕೇಳುತ್ತಾರೆ. ಈಗಷ್ಟೇ ಒಂದಾದ ಕಪ್ಪುಕುಳಿಯೂ ತಟ್ಟಿದ ಉರುಳಿಯ ಹಾಗೆ ನಾದ ಮಾಡಿ ಸುಮ್ಮನಾಗುತ್ತದೆ. ಇದನ್ನು ಮೊದಲು ಲೆಕ್ಕದಲ್ಲಿ ಕಂಡವರು ನಮ್ಮ ಬೆಂಗಳೂರಿನವರು, ಸಿ.ವಿ. ವಿಶ್ವೇಶ್ವರ. ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಅವರು ಕಪ್ಪುಕುಳಿಯ ಮೇಲೆ ಗುರುತ್ವದ ಅಲೆಯ ಒಂದು ಚಿಕ್ಕ ಕಟ್ಟನ್ನು ಎಸೆದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದರು. ಕಟ್ಟು ಅಗಲ ಇದ್ದಾಗ ವಿಶೇಷ ಏನೂ ಕಾಣಲಿಲ್ಲ. ಕಿರಿದು ಮಾಡುತ್ತಾ ಹೋದಾಗ, ವಾಪಸು ಬಂದ ಅಲೆಯ ಕೊನೆಯಲ್ಲಿ ಕ್ರಮೇಣ ಕ್ಷೀಣಿಸುವ ನಾದ ಕಾಣಿಸಿತು. ಪ್ರಬಂಧ ಬಂದದ್ದು 1970ರಲ್ಲಿ. ಆಮೇಲೆ ಅವರು ಊರಿಗೆ ಮರಳಿ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಅದರ ಮೊದಲ ನಿರ್ದೇಶಕರಾಗಿ ಕಟ್ಟಿ ಬೆಳೆಸಿದರು. 2016ರ ಫೆಬ್ರವರಿ 11ರಂದು ಮೊದಲ ಅಲೆಯ ಸುದ್ದಿ ಹೊರಬಿದ್ದಾಗ ಅವರು ಇದ್ದರು. ಮುಂದಿನ ವರ್ಷ ಜನವರಿಯಲ್ಲಿ ತೀರಿಕೊಂಡರು. 46 ವರ್ಷಗಳ ಹಿಂದೆ ಕಾಗದದ ಮೇಲೆ ಕಂಡ ನಾದ ನಿಜವಾಗಿ ಬಂದು ಮುಟ್ಟಿದ್ದನ್ನು ಅವರು ಕಂಡರಲ್ಲ ಅಂತ ನನಗೆ ಈಗಲೂ ಸಮಾಧಾನ.

ಉರುಳಿಯ ಹಾಗೆ ಇಲ್ಲೂ ಕೇಳುವುದು ಎರಡು ಸಂಗತಿ, ಸ್ವರ ಮತ್ತು ನಾದ ನಿಲ್ಲುವ ಹೊತ್ತು. ತಿಳಿಯಬೇಕಾದದ್ದೂ ಎರಡೇ, ತೂಕ ಮತ್ತು ಗಿರಕಿ. ಎರಡು ಸಮೀಕರಣ, ಎರಡು ಗೊತ್ತಿಲ್ಲದ ಸಂಖ್ಯೆ. ನಿಮ್ಮ ಒಂಬತ್ತನೇ ಕ್ಲಾಸಿನ ಗಣಿತ! 2015ರ ಅಲೆಯ ಬಾಲದಲ್ಲಿ ಸ್ವರ ಸೆಕೆಂಡಿಗೆ ಸುಮಾರು 250 ಕಂಪನ. ನಾದ ಸೆಕೆಂಡಿನ ಸಾವಿರದಲ್ಲಿ 4 ಪಾಲಿನಷ್ಟು ಹೊತ್ತಿನಲ್ಲಿ ಕುಗ್ಗಿತು. ಅದೇ ತೂಕದ ಕಪ್ಪುಕುಳಿ ಗಿರಕಿ ಹೊಡೆಯದೆ ಇದ್ದಿದ್ದರೆ ಸ್ವರ 180ರ ಹತ್ತಿರ ಇರುತ್ತಿತ್ತು. ಆದರೆ ಆ ಬಾಲ ತುಂಬ ಸಣ್ಣದಾಗಿತ್ತು, ಗದ್ದಲದೊಳಗೆ ಅರ್ಧ ಮುಳುಗಿತ್ತು. 2025ರ ಅಲೆ ಅದಕ್ಕಿಂತ ಮೂರು ಪಟ್ಟು ಸ್ಪಷ್ಟ. ಬಾಲದಲ್ಲಿ ಮೂಲ ಸ್ವರದ ಜೊತೆ ಬೇಗ ಅಳಿಯುವ ಇನ್ನೊಂದು ಸ್ವರವೂ ಸಿಕ್ಕಿತು. ಎರಡೂ ಕೆರ್ ಲೆಕ್ಕಕ್ಕೆ ಹೊಂದಿದವು.

ಗಿರಕಿ ಜಾಸ್ತಿಯಾದರೆ ಕಪ್ಪುಕುಳಿಯ ಅಂಚು ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ತೂಕ, ಗಿರಕಿ ಎರಡೂ ಗೊತ್ತಾದರೆ ಅಂಚಿನ ವಿಸ್ತೀರ್ಣ ಸಿಗುತ್ತದೆ. ಈ ವಿಸ್ತೀರ್ಣ ಯಾವತ್ತೂ ಕಡಿಮೆಯಾಗಲಾರದು ಅಂತ 1971ರಲ್ಲಿ ಸ್ಟೀಫನ್ ಹಾಕಿಂಗ್ ಹೇಳಿದ್ದರು. 2025ರ ಜೋಡಿಯಲ್ಲಿ ಮೊದಲು ಎರಡರದ್ದೂ ಸೇರಿ ಸುಮಾರು 2,40,000 ಚದರ ಕಿಲೋಮೀಟರ್ ಇತ್ತು. ಕೊನೆಗೆ ಉಳಿದದ್ದರದ್ದು ಸುಮಾರು 4,00,000. ಅಪ್ಪ ಅಮ್ಮನ ಗಿರಕಿ 'ಇಷ್ಟಕ್ಕಿಂತ ಕಡಿಮೆ' ಅಂತ ಗೊತ್ತಿದ್ದರೆ ಈ ಲೆಕ್ಕಕ್ಕೆ ಅಷ್ಟು ಸಾಕಾಗುತ್ತದೆ. ನೀವು ಓದಿದ ಆ ಮಾತನ್ನು ಹಾಗಾಗಿ ಹಗುರ ಅಂತ ತಿಳಿಯಬೇಡಿ.

ಇಷ್ಟೆಲ್ಲ ಕಷ್ಟಪಟ್ಟು ಗಿರಕಿ ಅಳೆಯುವುದು ಯಾಕೆ ಅಂತ ಮಕ್ಕಳು ಖಂಡಿತ ಕೇಳುತ್ತಾರೆ. ಈ ಜೋಡಿಗಳು ಹುಟ್ಟಿದ್ದು ಎಲ್ಲಿ ಅನ್ನುವುದಕ್ಕೆ ಗಿರಕಿಯಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಒಟ್ಟಿಗೇ ಹುಟ್ಟಿ ಬೆಳೆದ ಎರಡು ನಕ್ಷತ್ರಗಳು ಕಪ್ಪುಕುಳಿಗಳಾದರೆ ಅವುಗಳ ಗಿರಕಿ ಹೆಚ್ಚಾಗಿ ಸುತ್ತಿನ ದಿಕ್ಕಿಗೇ ಇರುತ್ತದೆ. ನಕ್ಷತ್ರಗಳ ದೊಡ್ಡ ಗುಂಪಿನಲ್ಲಿ ಎಲ್ಲಿಂದಲೋ ಬಂದು ಜೊತೆಯಾದವುಗಳ ಗಿರಕಿ ಯಾವ ದಿಕ್ಕಿಗೂ ಇರಬಹುದು. ಇನ್ನು ಒಂದು ಕಪ್ಪುಕುಳಿಯೇ ಹಿಂದಿನ ಡಿಕ್ಕಿಯಿಂದ ಹುಟ್ಟಿದ್ದಾದರೆ? ಆಗ ಅದು ಸುಮಾರು 0.7ರ ಗಿರಕಿ ಹೊತ್ತುಕೊಂಡೇ ಬರುತ್ತದೆ. ಕಾರಣ ಮೇಲೆ ನೋಡಿದೆವಲ್ಲ.

2024ರ ಅಕ್ಟೋಬರ್ 11ರ ಜೋಡಿಯಲ್ಲಿ ಸುಮಾರು 20 ಮತ್ತು 6 ಸೂರ್ಯರ ತೂಕ. ದೊಡ್ಡದು ತುಂಬ ಜೋರಾಗಿ ಗಿರಕಿ ಹೊಡೆಯುತ್ತಿತ್ತು. ಒಂದು ತಿಂಗಳ ನಂತರ, ನವೆಂಬರ್ 10ರಂದು ಸಿಕ್ಕ ಜೋಡಿಯಲ್ಲಿ ದೊಡ್ಡದರ ಗಿರಕಿ ಸುತ್ತಿಗೆ ಉಲ್ಟಾ ಇತ್ತು. ಈ ದೊಡ್ಡವು ಎರಡೂ ಎರಡನೇ ತಲೆಮಾರಿನವು ಇರಬೇಕು ಅಂತ ಸಂಶೋಧಕರು ಹೇಳುತ್ತಿದ್ದಾರೆ. ನನಗೂ ಆ ಊಹೆ ಗಟ್ಟಿ ಅನಿಸುತ್ತದೆ. 2023ರ ನವೆಂಬರ್ 23ರ ದೈತ್ಯ ಜೋಡಿಯ ಬಗ್ಗೆ ಅಷ್ಟು ಧೈರ್ಯ ಇಲ್ಲ. ಸುಮಾರು 140 ಮತ್ತು 100 ಸೂರ್ಯರ ತೂಕ, ಸ್ಪಿನ್ 0.9 ಮತ್ತು 0.8 ಅಂತ ಪ್ರಕಟವಾಗಿದೆ. ಅಲೆ ಇದ್ದದ್ದು ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು. ಬೇರೆ ಬೇರೆ ಮಾದರಿಗಳು ಬೇರೆ ಬೇರೆ ಉತ್ತರ ಕೊಡುತ್ತವೆ. ಗಿರಕಿ ಜೋರಾಗಿತ್ತು ಅನ್ನುವಲ್ಲಿಗೆ ನಿಲ್ಲಿಸುವುದು ಒಳ್ಳೆಯದು.

ಒಂದು ಒಗಟು ಇನ್ನೂ ಬಿಡಿಸಿಲ್ಲ. ಪಕ್ಕದ ನಕ್ಷತ್ರದಿಂದ ಅನಿಲ ಸೆಳೆಯುವ ಕಪ್ಪುಕುಳಿಗಳ ಗಿರಕಿಯನ್ನು ಎಕ್ಸ್-ರೇ ಬೆಳಕಿನಿಂದ ಅಳೆಯುತ್ತಾರೆ. ಸುತ್ತುವ ಅನಿಲದ ಒಳ ಅಂಚು ಎಷ್ಟು ಹತ್ತಿರ ಇದೆ ಅಂತ ನೋಡಿ ಹೇಳುತ್ತಾರೆ. ಮೇಲಿನ 45 ಮತ್ತು 270ರ ಲೆಕ್ಕವೇ ಅದು. ಆ ವಿಧಾನದಲ್ಲಿ ಸಿಗ್ನಸ್ ಎಕ್ಸ್-1 ಅನ್ನುವ ಕಪ್ಪುಕುಳಿಯ ಸ್ಪಿನ್ 0.95ಕ್ಕೂ ಜಾಸ್ತಿ ಬರುತ್ತದೆ. ಅಲೆಗಳಲ್ಲಿ ಸಿಕ್ಕ ಇನ್ನೂರಕ್ಕೂ ಹೆಚ್ಚು ಜೋಡಿಗಳಲ್ಲಿ ಬಹುಪಾಲು ಮೆಲ್ಲಗೆ ಗಿರಕಿ ಹೊಡೆಯುವವು. ಎರಡು ಬಗೆಯವೂ ನಕ್ಷತ್ರಗಳಿಂದಲೇ ಹುಟ್ಟಿದವು, ಮತ್ತೆ ಈ ವ್ಯತ್ಯಾಸ ಯಾಕೆ? ಅವು ಬೇರೆ ದಾರಿಯಲ್ಲಿ ಬೆಳೆದವೋ, ಒಂದು ಅಳತೆಯಲ್ಲಿ ದೋಷ ಇದೆಯೋ ಅಂತ ಚರ್ಚೆ ನಡೆಯುತ್ತಿದೆ. ನಿಮ್ಮ ಕ್ಲಾಸಿನವರು ದೊಡ್ಡವರಾಗುವ ಹೊತ್ತಿಗೆ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ ಲೈಗೊ-ಇಂಡಿಯಾ ಕೆಲಸ ಮಾಡುತ್ತಿರಬೇಕು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ 2600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಬೇರೆ ದಿಕ್ಕಿಗೆ ತೋಳು ಚಾಚಿದ ಇನ್ನೊಂದು ಯಂತ್ರ ಇದ್ದರೆ ಆ ಓಲಾಟವನ್ನು ಹಿಡಿಯುವುದು ಸುಲಭವಾಗುತ್ತದೆ. ಹತ್ತರ ತನಕ ಕನ್ನಡದಲ್ಲಿ ಓದಿ ಪ್ಲಸ್ ಟುವಿನಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದು ಒದ್ದಾಡಿದವನು ನಾನು. ಆ ಒದ್ದಾಟ ಒಂದು ವರ್ಷದ್ದು ಅಂತ ನಿಮ್ಮ ಮಕ್ಕಳಿಗೆ ನನ್ನ ಮಾತಾಗಿ ಹೇಳಿ.

ಕ್ಲಾಸಿಗೆ ಒಂದು ಕೆಲಸ ಕೊಡುತ್ತೇನೆ. ಒಂದೇ ಅಳತೆಯ ನೀರು ಹಿಡಿಯುವ ಎರಡು ಪಾತ್ರೆ ತನ್ನಿ, ಒಂದರ ಕೊರಳು ಕಿರಿದಾಗಿರಲಿ, ಇನ್ನೊಂದು ಬುಡದಿಂದ ಬಾಯಿಯವರೆಗೆ ಒಂದೇ ಅಗಲ ಇರಲಿ. ಎರಡನ್ನೂ ಬಾಗಿಲಿನ ಹಿಂದೆ ಇಟ್ಟು, ನಳ್ಳಿಯಿಂದ ಒಂದೇ ವೇಗದಲ್ಲಿ ನೀರು ಬಿಡಿ. ಮಕ್ಕಳು ಕಣ್ಣು ಮುಚ್ಚಿ ಕೇಳಲಿ, ಸ್ವರ ಹೇಗೆ ಏರಿತು ಅಂತ ಕೈಯಲ್ಲೇ ಒಂದು ಗೆರೆ ಎಳೆಯಲಿ. ಆಮೇಲೆ ಯಾವುದು ಯಾವ ಪಾತ್ರೆ ಅಂತ ಗೆರೆ ನೋಡಿ ಹೇಳಲಿ. ಮೊದಲ ಸರದಿ ಪ್ರಶ್ನೆ ಕೇಳಿದ ಆ ಹುಡುಗಿಯದ್ದಾಗಲಿ. ಅವಳ ಗೆರೆಯ ಚಿತ್ರ ನನಗೆ ಕಳಿಸಿಕೊಡಿ.